ಕಟ್ಟಿಗೆ ಒಲೆ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆ

ಮಣ್ಣು, ಕಲ್ಲು ಅಥವಾ ಇಟ್ಟಿಗೆಯಿಂದ ಕಟ್ಟಿ, ಕಟ್ಟಿಗೆ, ಕುಳ್ಳು (ಬೆರಣಿ) ಮತ್ತು ಬೆಳೆಯ ಕಡ್ಡಿಗಳನ್ನು ಉರಿಸಿ ಅಡುಗೆ ಮಾಡುವ, ನೀರು ಕಾಯಿಸುವ ಮನೆಯ ಸಾಧನ. ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಈ ಐದು ತಾಲ್ಲೂಕುಗಳ ಮಾತಿನಲ್ಲಿ ಇದು ‘ಒಲಿ’. ಇಲ್ಲಿ ಒಲೆ ಎಂದರೆ ಸಂಸಾರ ಎಂದೂ ಅರ್ಥ. ಅಣ್ಣತಮ್ಮಂದಿರು ಪಾಲಾದರೆ ಊರವರು ಹೊಲ ಎಷ್ಟು ಹಂಚಿಕೆಯಾಯಿತು ಎಂದು ಕೇಳುವುದಕ್ಕೂ ಮೊದಲು ‘ಒಲಿ ಬ್ಯಾರೆ ಆದೂ?’ ಎಂದು ಕೇಳುತ್ತಾರೆ. ಒಂದೇ ಸೂರಿನ ಕೆಳಗೆ ಇದ್ದರೂ ಒಲೆ ಎರಡಾದ ದಿನ ಮನೆ ಎರಡಾಯಿತೆಂದೇ ಲೆಕ್ಕ.

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಈ ಬಯಲಿನಲ್ಲಿ ದೊಡ್ಡ ಕಾಡಿಲ್ಲ. ಮಲೆನಾಡಿನಂತೆ ಮನೆಯ ಹಿಂದಿನ ಗುಡ್ಡಕ್ಕೆ ಹೋಗಿ ಸೌದೆ ತರುವ ಅನುಕೂಲ ಇಲ್ಲಿನವರಿಗೆ ಎಂದೂ ಇರಲಿಲ್ಲ. ಒಲೆಗೆ ಬೇಕಾದದ್ದೆಲ್ಲ ಹೊಲದಿಂದ, ಬದುವಿನಿಂದ, ದನದ ಕೊಟ್ಟಿಗೆಯಿಂದ ಬರಬೇಕು. ಇಲ್ಲಿಯ ಒಲೆಯ ಆಕಾರ, ಅದನ್ನು ಉರಿಸುವ ರೀತಿ, ಅದರ ಆರೈಕೆ ಎಲ್ಲವೂ ರೂಪುಗೊಂಡದ್ದು ಈ ಒಂದು ಸಂಗತಿಯಿಂದ.

ಉರುವಲು

ಒಳ್ಳೆಯ ಕಟ್ಟಿಗೆ ಎಂದರೆ ಕರಿಜಾಲಿ. ಕಪ್ಪು ನೆಲದ ಬದುಗಳಲ್ಲಿ ತಾನಾಗಿ ಹುಟ್ಟಿ ಬೆಳೆಯುವ ಈ ಮರದ ಕಟ್ಟಿಗೆ ನಿಧಾನವಾಗಿ ಉರಿದು ಗಟ್ಟಿ ಕೆಂಡ ಬಿಡುತ್ತದೆ. ಹುಣಸೆಯದೂ ಹಾಗೆಯೇ. ಹಳ್ಳದ ದಂಡೆ ಮತ್ತು ಪಾಳು ನೆಲವನ್ನು ಆಕ್ರಮಿಸಿಕೊಂಡ ಬಳ್ಳಾರಿ ಜಾಲಿ ಬೇಸಾಯಕ್ಕೆ ಶತ್ರುವಾದರೂ ಒಲೆಗೆ ಆಪ್ತ. ಅದನ್ನೂ ಸುಬಾಬುಲ್, ನೀಲಗಿರಿಗಳನ್ನೂ ಸ್ವಂತ ಜಮೀನಿನಲ್ಲಿ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಅನುಮತಿ ಕೇಳುವುದಿಲ್ಲ. ಅರಳಿ, ಬನ್ನಿ, ಬಿಲ್ವಗಳನ್ನು ಒಲೆಗೆ ಹಾಕುವ ರೂಢಿ ಇಲ್ಲ. ನರಸೋಬಾವಾಡಿಯ ದತ್ತನಿಗೆ ನಡೆದುಕೊಳ್ಳುವ ಮನೆಗಳಲ್ಲಿ ದತ್ತನ ಮರವೆನ್ನುವ ಅತ್ತಿಗೆ ಕೊಡಲಿ ತಾಗಿಸುವುದಿಲ್ಲ. ಕಳ್ಳಿಯ ಹಾಲಿನ ಹೊಗೆ ಕಣ್ಣಿಗೆ ಕೆಟ್ಟದ್ದು, ಆದ್ದರಿಂದ ಅದನ್ನು ಯಾರೂ ಮುಟ್ಟುವುದಿಲ್ಲ.

ಆದರೆ ದಿನದ ಒಲೆಯನ್ನು ನಡೆಸುವುದು ಮರಕ್ಕಿಂತ ಹೆಚ್ಚಾಗಿ ಬೆಳೆಯ ಉಳಿಕೆ. ಮಳೆ ಕಡಿಮೆಯಾಗುವ ಅಥಣಿಯ ಪೂರ್ವಕ್ಕೆ ಹೋದಂತೆ ತೊಗರಿ ಕಟ್ಟಿಗೆ ಮತ್ತು ಹತ್ತಿ ಕಟ್ಟಿಗೆ ಸಿಗುತ್ತವೆ. ನೀರಾವರಿ ಹೊಲಗಳಲ್ಲಿ ಕಾಳು ಬಿಡಿಸಿದ ಗೋವಿನಜೋಳದ ಬೆಂಡು ಸಿಗುತ್ತದೆ. ನಿಪ್ಪಾಣಿಯ ಕಡೆ ಎಲೆ ಕಿತ್ತ ಮೇಲೆ ಉಳಿಯುವ ತಂಬಾಕಿನ ಕಡ್ಡಿಯೂ ಒಲೆಗೆ ಬರುತ್ತದೆ. ಅದರ ಹೊಗೆ ಗಂಟಲು ಕೆರೆಯುವುದರಿಂದ ಅದು ಹೊರಗಿನ ನೀರೊಲೆಗಷ್ಟೇ ತಕ್ಕದ್ದು. ತಂಬಾಕಿನ ವಿಷಯದಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಹುಣಸೂರು, ಪಿರಿಯಾಪಟ್ಟಣಗಳ ಸಿಗರೇಟಿನ ತಂಬಾಕನ್ನು ಬ್ಯಾರನ್ ಎಂಬ ಒಣಗಿಸುವ ಮನೆಗಳಲ್ಲಿ ಸೌದೆಯ ಕಾವು ಕೊಟ್ಟು ಹದಮಾಡುತ್ತಾರೆ. ನಿಪ್ಪಾಣಿಯ ಬೀಡಿ ತಂಬಾಕು ಬಿಸಿಲಲ್ಲೇ ಒಣಗುತ್ತದೆ. ಮರವೇ ಅಪರೂಪವಾದ ಈ ನಾಡಿಗೆ ಅದೊಂದು ದೊಡ್ಡ ಉಳಿತಾಯ.

ಕಬ್ಬಿನ ಒಣ ಗರಿಗೆ ಇಲ್ಲಿ ‘ರವದಿ’ ಎನ್ನುತ್ತಾರೆ. ಅದು ಬೇಕಾದಷ್ಟು ಸಿಗುತ್ತದೆ, ಆದರೆ ಒಲೆಯಲ್ಲಿ ನಿಲ್ಲುವುದಿಲ್ಲ. ಭಗ್ಗೆಂದು ಹತ್ತಿ, ಹಿಡಿ ಬೂದಿಯಾಗಿ, ಮತ್ತೊಂದು ಮುಷ್ಟಿ ಕೇಳುತ್ತದೆ. ಬೆಂಕಿ ಹೊತ್ತಿಸಲು ಅದು ಸಾಕು, ರೊಟ್ಟಿ ಬೇಯಿಸಲು ಸಾಲದು. ಹೆಚ್ಚಿನ ರವದಿ ಹೊಲದಲ್ಲೇ ಸುಟ್ಟುಹೋಗುತ್ತದೆ. ಪುಣೆಯ ಆರ್ಟಿ ಸಂಸ್ಥೆ ರವದಿಯನ್ನು ಗೂಡಿನಲ್ಲಿ ಇದ್ದಿಲಾಗಿಸಿ, ಅಂಟು ಬೆರೆಸಿ ಬಿಲ್ಲೆ ಮಾಡುವ ವಿಧಾನವನ್ನು ರೂಪಿಸಿತು. ಅದಕ್ಕೆ 2002ರಲ್ಲಿ ಆಶ್ಡೆನ್ ಪ್ರಶಸ್ತಿ ಬಂತು. ಆ ಬಿಲ್ಲೆಗಳಲ್ಲಿ ಕೆಲವನ್ನೇ ಉರಿಸಿ ಅನ್ನ, ಬೇಳೆ, ಪಲ್ಯವನ್ನು ಒಟ್ಟಿಗೆ ಬೇಯಿಸುವ ಸರಾಯ್ ಕುಕ್ಕರ್ ಕೂಡ ಅದೇ ಸಂಸ್ಥೆಯದು. ಕಬ್ಬಿನ ನಾಡಾದ ಈ ಐದು ತಾಲ್ಲೂಕುಗಳಲ್ಲಿ ಆ ವಿಧಾನಕ್ಕೆ ಬೇಕಾದ ಕಚ್ಚಾವಸ್ತು ಪ್ರತಿ ಸುಗ್ಗಿಯಲ್ಲೂ ಹೊಲಹೊಲದಲ್ಲಿ ಬಿದ್ದಿರುತ್ತದೆ. ಅದಕ್ಕೆ ಬೆಂಕಿ ಇಡುವುದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಕುಳ್ಳಿನ ಕಾವು ಮಂದ. ಹಾಲು ಕಾಯಿಸಲು, ಬೇಳೆ ಬೇಯಲು ಬಿಡಲು, ರಾತ್ರಿಯ ಕೆಂಡ ಉಳಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಬೇಸಿಗೆಯಲ್ಲಿ ತಟ್ಟಿ ಒಣಗಿಸಿ, ಬಣವೆಯಂತೆ ಒಟ್ಟಿ, ಮೇಲೆ ಸಗಣಿ ಮೆತ್ತಿ ಮಿರಗದ (ಮೃಗಶಿರಾ) ಮಳೆಯಿಂದ ಕಾಪಾಡುತ್ತಾರೆ. ಸಗಣಿ ಒಲೆಗೆ ಹೋದಷ್ಟೂ ಹೊಲಕ್ಕೆ ಗೊಬ್ಬರ ಕಡಿಮೆ. ಒಕ್ಕಲು ಮನೆಯ ಹಳೆಯ ಇಕ್ಕಟ್ಟು ಇದು.

ಉರುವಲಿನ ಮಾತು ಬಂದಲ್ಲಿ ಮೋಳಿಗೆ ಮಾರಯ್ಯನ ನೆನಪು ಸಹಜ. 12ನೆಯ ಶತಮಾನದ ಈ ಶರಣ ಕಲ್ಯಾಣದಲ್ಲಿ ಕಟ್ಟಿಗೆ ಹೊರೆ ಮಾರಿ ಬದುಕಿದವನು. ‘ಮೋಳಿಗೆ’ ಎಂದರೆ ಸೌದೆಯ ಹೊರೆಯೇ. ಹೊರೆ ಹೊತ್ತವನ ಕಾಯಕಕ್ಕೆ ನಮ್ಮ ಭಾಷೆ ಗೌರವದ ಹೆಸರು ಕೊಟ್ಟಿದೆ. ಇಂದು ಅದೇ ಹೊರೆಯನ್ನು ತಲೆಯ ಮೇಲೆ ಹೊತ್ತು ಸಂಜೆ ಹೊಲದಿಂದ ಬರುವವರು ಬಹುಪಾಲು ಹೆಣ್ಣುಮಕ್ಕಳು.

ಒಣಗಿಸುವುದು

ಒಲೆಯ ಗುಣದೋಷದ ಅರ್ಧ ಭಾಗ ಕಟ್ಟಿಗೆ ಒಣಗುವುದರಲ್ಲೇ ನಿರ್ಧಾರವಾಗುತ್ತದೆ. ಆಗಷ್ಟೇ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರು. ಚೆನ್ನಾಗಿ ಒಣಗಿದ ಕಟ್ಟಿಗೆ ಕಿಲೋ ಒಂದಕ್ಕೆ 16ರಿಂದ 18 ಮೆಗಾಜೂಲ್ ಶಾಖ ಕೊಡಬಲ್ಲದು. ಹಸಿ ಕಟ್ಟಿಗೆಯಲ್ಲಿ ಮರವೇ ಅರ್ಧ, ಜೊತೆಗೆ ಕಿಲೋ ನೀರು ಆವಿಯಾಗಲು ಇನ್ನೂ 2.3 ಮೆಗಾಜೂಲ್ ಹೋಗುತ್ತದೆ. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ ಬೆಂಕಿ ತಣ್ಣಗಾಗಿ ಪೂರ್ತಿ ಸುಡದ ಅನಿಲವೆಲ್ಲ ಹೊಗೆಯಾಗಿ ಹೊರಬರುತ್ತದೆ. ತೇವ ನೂರಕ್ಕೆ 20ಕ್ಕಿಂತ ಕೆಳಗಿರಬೇಕೆಂಬುದು ಸಾಮಾನ್ಯ ಅಳತೆ. ಅಳೆಯುವ ಯಂತ್ರ ಬೇಕಿಲ್ಲ. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದರೆ ಒಣಗಿದ್ದು ‘ಟಣ್’ ಎನ್ನುತ್ತದೆ, ಹಸಿಯದು ‘ದಬ್’ ಎನ್ನುತ್ತದೆ. ಒಣಗಿದ ತುಂಡಿನ ತುದಿಯಲ್ಲಿ ನಡುವಿನಿಂದ ಸುತ್ತಲೂ ಬಿರುಕು ಹರಿದಿರುತ್ತದೆ, ತೊಗಟೆ ಉಗುರಿಗೇ ಏಳುತ್ತದೆ.

ದಿಮ್ಮಿಯನ್ನು ಹಾಗೆಯೇ ಬಿಟ್ಟರೆ ವರ್ಷ ಕಳೆದರೂ ಒಳಗೆ ಹಸಿಯೇ. ಮಾಗಿಯಲ್ಲಿ ಕಡಿದು, ಶಿವರಾತ್ರಿಯ ಹೊತ್ತಿಗೆ ಮಣಿಕಟ್ಟಿನ ದಪ್ಪಕ್ಕೆ ಸೀಳಿ, ಯುಗಾದಿಯ ಬಿಸಿಲಲ್ಲಿ ಕಾಯಲು ಬಿಟ್ಟರೆ ಮಿರಗದ ಹೊತ್ತಿಗೆ ಒಲೆಗೆ ಸಿದ್ಧ. ಒಟ್ಟುವಾಗ ಕೆಳಗೆ ಎರಡು ಕಲ್ಲು ಇಟ್ಟು ನೆಲದಿಂದ ಎತ್ತರಿಸಬೇಕು. ಇಲ್ಲದಿದ್ದರೆ ಗೆದ್ದಲು ಹತ್ತುತ್ತದೆ, ಒಟ್ಟಿಲ ಬುಡದಲ್ಲಿ ಹಾವು ಚೇಳು ಸೇರುತ್ತವೆ.

ಶೇಡಬಾಳ, ಸದಲಗಾ, ಭೋಜದಂಥ ಜೈನ ಒಕ್ಕಲುಗಳ ಊರುಗಳಲ್ಲಿ ಕಟ್ಟಿಗೆಯನ್ನು ಒಲೆಗೆ ಇಡುವ ಮುನ್ನ ಕೊಡವಿ, ಹುಳ ಇರುವೆ ಇದ್ದರೆ ಬಿಡಿಸಿ, ನೋಡಿ ಇಡುತ್ತಾರೆ. ವ್ರತ ಹಿಡಿದ ಮನೆಗಳಲ್ಲಿ ಸೂರ್ಯ ಮುಳುಗುವ ಮೊದಲೇ ಊಟ ಮುಗಿದು ಒಲೆ ಆರುತ್ತದೆ. ಅಹಿಂಸೆಗಾಗಿ ಮಾಡುವ ಕಟ್ಟಿಗೆಯ ಪರೀಕ್ಷೆಯಿಂದ ಹಸಿ ತುಂಡು, ಬೂಷ್ಟು ಹಿಡಿದ ತುಂಡು ಕೂಡ ಬೇರೆಯಾಗುತ್ತದೆ. ಅಡುಗೆ ಮನೆಗೆ ಹೊಗೆ ಅಷ್ಟು ಕಡಿಮೆ.

ಕಟ್ಟುವುದು

ಮೂರು ಕಲ್ಲಿನ ಒಲೆಯೇ ಎಲ್ಲದರ ಮೂಲ. ಮನೆಯೊಳಗಿನ ಒಲೆ ಅದಕ್ಕೆ ಗೋಡೆ ಕಟ್ಟಿದ ರೂಪ. ಮುಂದೆ ಬಾಯಿ, ಮೇಲೆ ಪಾತ್ರೆ ಕೂರಲು ಮೂರು ಗುಂಡು, ಪಕ್ಕದಲ್ಲಿ ಕೋಡೊಲೆ. ದೊಡ್ಡ ಒಲೆಯಿಂದ ಸಣ್ಣ ಕಿಂಡಿಯಲ್ಲಿ ನುಸುಳಿದ ಕಾವಿನಲ್ಲಿ ಕೋಡೊಲೆಯ ಮೇಲಿನ ಬೇಳೆ ತಾನೇ ಬೇಯುತ್ತಿರುತ್ತದೆ.

ಇಲ್ಲಿಯ ಎರೆಮಣ್ಣು ಒಲೆಗೆ ಆಗಿಬರುವುದಿಲ್ಲ. ತೋಯ್ದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಬೇಸಿಗೆಯಲ್ಲಿ ಹೊಲ ಬಿರಿಯುವುದೂ ಒಲೆ ಬಿರಿಯುವುದೂ ಒಂದೇ ಕಾರಣಕ್ಕೆ. ಆದ್ದರಿಂದ ಹುತ್ತದ ಮಣ್ಣು ಅಥವಾ ಕೆಮ್ಮಣ್ಣನ್ನು ಹುಡುಕಿ ತರುತ್ತಾರೆ. ಅದಕ್ಕೆ ಸಗಣಿ, ಹೊಟ್ಟು, ಸೋಸಿದ ಬೂದಿ ಬೆರೆಸಿ ತುಳಿದು, ಎರಡು ಮೂರು ದಿನ ಕೊಳೆಯಲು ಬಿಡುತ್ತಾರೆ. ಹೊಟ್ಟಿನ ನಾರು ಬಿರುಕನ್ನು ಹಿಡಿದು ನಿಲ್ಲಿಸುತ್ತದೆ, ಬೂದಿ ಕಾವನ್ನು ತಡೆಯುತ್ತದೆ. ಕಟ್ಟಿದ ಒಲೆ ನೆರಳಲ್ಲಿ ನಿಧಾನವಾಗಿ ಆರಬೇಕು. ಮೊದಲ ಬೆಂಕಿ ರವದಿಯದು, ಸಣ್ಣದು. ಅವಸರಪಟ್ಟು ಮೊದಲ ದಿನವೇ ಜಾಲಿ ಕಟ್ಟಿಗೆ ಇಟ್ಟರೆ ಒಳಗಿನ ನೀರು ಆವಿಯಾಗಿ ಗೋಡೆ ಸೀಳುತ್ತದೆ.

ಇದನ್ನೆಲ್ಲ ಮಾಡುವವಳು ಮನೆಯ ಹೆಂಗಸು. ಗೌಂಡಿಯನ್ನು ಕರೆಯುವುದಿಲ್ಲ. ತನ್ನ ಹಂಚಿನ ಅಳತೆ, ಕೂರುವ ಮಣೆಯ ಎತ್ತರ, ಕೈ ಚಾಚುವಷ್ಟು ದೂರ, ಇವೇ ಅವಳ ನಕ್ಷೆ. ಬಾಯಿ ಇರುವುದು ಗಾಳಿ ನೇರ ಬಡಿಯದ ಕಡೆಗೆ. ಗುಂಡುಗಳ ಎತ್ತರ ಎರಡು ಬೆರಳು. ಅದಕ್ಕಿಂತ ಹೆಚ್ಚಾದರೆ ಉರಿ ಪಾತ್ರೆಯ ಪಕ್ಕಕ್ಕೆ ಹಾರಿ ವ್ಯರ್ಥವಾಗುತ್ತದೆ, ಕಡಿಮೆಯಾದರೆ ಹೊಗೆ ಬಾಯಿಂದ ತಿರುಗಿ ಬರುತ್ತದೆ. ಕುಂಬಾರರು ಸಂತೆಗೆ ತರುವ ಸುಟ್ಟ ಮಣ್ಣಿನ ಒಲೆಗಳೂ ಉಂಟು. ಎತ್ತಿ ಬೇರೆಡೆ ಇಡಲು ಅನುಕೂಲ, ಆದರೆ ಮನೆಯಲ್ಲೇ ಕಟ್ಟಿದ ದಪ್ಪ ಗೋಡೆಯ ಒಲೆಯಷ್ಟು ಹೊತ್ತು ಕಾವು ಹಿಡಿಯುವುದಿಲ್ಲ.

ಬೆಂಕಿ ಮತ್ತು ರೊಟ್ಟಿ

ಬೆಳಗಿನ ಜಾವ ಬೂದಿ ಕೆದರಿದರೆ ರಾತ್ರಿ ಮುಚ್ಚಿಟ್ಟ ಕುಳ್ಳಿನ ಕೆಂಡ ಸಿಗುತ್ತದೆ. ಅದರ ಮೇಲೆ ಒಂದು ಹಿಡಿ ರವದಿ, ಅಡ್ಡಡ್ಡಲಾಗಿ ನಾಲ್ಕು ತೊಗರಿ ಕಡ್ಡಿ, ಊದುಗೊಳವೆಯಿಂದ ಎರಡು ಉಸಿರು. ಆಮೇಲೆ ಸಣ್ಣ ಸೀಳು, ಕೊನೆಗೆ ದಪ್ಪನೆಯದು. ಕೆಂಡ ಆರಿದ್ದರೆ ಹಿಂದೆ ನೆರೆಮನೆಗೆ ಹೋಗಿ ಕುಳ್ಳಿನ ತುಂಡಿನ ಮೇಲೆ ಕೆಂಡ ತರುತ್ತಿದ್ದರು. ಒಲೆಗೆ ಗಾಳಿ ಕೆಳಗಿನಿಂದ ಹೋಗಬೇಕು. ಬೂದಿ ತುಂಬಿಕೊಂಡರೆ ಅಥವಾ ಕಟ್ಟಿಗೆಯನ್ನು ಒತ್ತೊತ್ತಿ ತುರುಕಿದರೆ ಎಷ್ಟು ಊದಿದರೂ ಹೊಗೆಯೇ. ಬಾಯಿಯ ಮೇಲಿನ ಅರ್ಧ ಖಾಲಿ ಬಿಡಬೇಕು. ಎರಡು ಮೂರು ಕೊಳ್ಳಿಗಳ ತುದಿ ಮಾತ್ರ ಒಂದಕ್ಕೊಂದು ತಾಗುವಂತೆ ಇಟ್ಟು, ಸುಟ್ಟಷ್ಟೂ ಒಳಕ್ಕೆ ನೂಕುತ್ತಿದ್ದರೆ ಉರಿ ಹಿಡಿತದಲ್ಲಿರುತ್ತದೆ. ಉರಿ ಕಡಿಮೆ ಬೇಕೆಂದಾಗ ಕೊಳ್ಳಿ ಹಿಂದಕ್ಕೆಳೆದರೆ ಸಾಕು. ಎಳೆದ ಕೊಳ್ಳಿಯನ್ನು ಬೂದಿಯಲ್ಲಿ ಹೊರಳಿಸಿ ಆರಿಸಬೇಕು. ನೀರು ಚಿಮುಕಿಸಿದರೆ ಕಾದ ಮಣ್ಣು ಬಿರಿಯುತ್ತದೆ.

ಕಟ್ಟಿಗೆ ಒಲೆ ಈ ಸೀಮೆಯಲ್ಲಿ ಇನ್ನೂ ಉಳಿದಿರುವುದಕ್ಕೆ ಬಲವಾದ ಕಾರಣ ಜೋಳದ ರೊಟ್ಟಿ. ತಟ್ಟಿದ ರೊಟ್ಟಿ ಕಬ್ಬಿಣದ ಹಂಚಿಗೆ ಬೀಳುತ್ತದೆ, ಮೇಲ್ಮೈಗೆ ಬಟ್ಟೆಯಿಂದ ನೀರು ಸವರುತ್ತಾರೆ, ನೀರು ಆರಿದೊಡನೆ ಮಗುಚುತ್ತಾರೆ. ಅಷ್ಟರಲ್ಲಿ ಇನ್ನೊಂದು ಕೈ ಕೆಂಡವನ್ನು ಒಲೆಯ ಬಾಯಿಗೆ ಎಳೆದಿರುತ್ತದೆ. ಹಂಚಿನಿಂದ ಇಳಿದ ರೊಟ್ಟಿಯನ್ನು ಬಾಯಿಯ ಅಂಚಿಗೆ, ಕೆಂಡದ ಎದುರಿಗೆ ನಿಲ್ಲಿಸುತ್ತಾರೆ. ಒಂದು ಅಂಚಿನಿಂದ ಉಬ್ಬು ಶುರುವಾಗಿ, ರೊಟ್ಟಿ ಚಂಡಿನಂತೆ ತುಂಬಿ, ತುದಿಯಲ್ಲಿ ಸಣ್ಣದಾಗಿ ಆವಿ ಬಿಟ್ಟು ಕೂರುತ್ತದೆ. ಹಂಚಿನ ಮೇಲೆ ಮುಂದಿನದು ಬೇಯುವಷ್ಟರಲ್ಲಿ ಇದು ಸಿದ್ಧ. ಒಂದೇ ಬೆಂಕಿಗೆ ಎರಡು ಕೆಲಸ. ಗ್ಯಾಸಿನ ಉರಿಗೆ ಈ ಎರಡನೆಯ ಜಾಗವಿಲ್ಲ. ಬೆಳಗಾವಿ ಸೀಮೆಯ ಮಂಡಿಗೆಗೂ ಬೋರಲು ಹಾಕಿದ ಪಾತ್ರೆಯ ಕೆಳಗೆ ಹರಡಿಕೊಂಡ ಕಟ್ಟಿಗೆಯ ಉರಿಯೇ ಹದ.

ಆರೈಕೆ

ಬೂದಿಯನ್ನು ದಿನವೂ ತೆಗೆಯಬೇಕು, ಪೂರ್ತಿ ಬಳಿಯಬಾರದು. ಒಂದು ಬೆರಳಿನಷ್ಟು ಬೂದಿಯ ಹಾಸು ಇದ್ದರೆ ಕೆಂಡ ಬಾಳುತ್ತದೆ. ತೆಗೆದ ಬೂದಿಯಲ್ಲಿ ಮರುದಿನದವರೆಗೂ ಕಿಡಿ ಇರಬಹುದು. ಅದನ್ನು ಕಬ್ಬಿಣದ ಬುಟ್ಟಿಯಲ್ಲಿ ಆರಲು ಬಿಟ್ಟು ಆಮೇಲೆ ತಿಪ್ಪೆಗೆ ಹಾಕಬೇಕು. ಒಣ ಕಣಿಕೆಯ ಬಣವೆಯ ಹತ್ತಿರ ಬಿಸಿ ಬೂದಿ ಚೆಲ್ಲಿ ಬಣವೆಯೇ ಹೋದ ಮನೆಗಳಿವೆ. ಸೋಸಿದ ಬೂದಿ ಪಾತ್ರೆ ತಿಕ್ಕಲು ಬರುತ್ತದೆ, ಬೀಜದ ಕಾಳಿಗೆ ಬೆರೆಸಿಡಲು ಬರುತ್ತದೆ. ಪೊಟ್ಯಾಷ್ ಇರುವುದರಿಂದ ಬದನೆ, ಮೆಣಸಿನ ಪಾತಿಗೂ ಹೋಗುತ್ತದೆ. ಹೊಲದಿಂದ ಬಂದದ್ದು ಹೀಗೆ ಹೊಲಕ್ಕೇ ತಿರುಗುತ್ತದೆ.

ಒಲೆ ಸಾರಿಸುವುದು ನಿತ್ಯದ ಕೆಲಸ, ಕೆಲವರಿಗೆ ಶುಕ್ರವಾರ ಮಂಗಳವಾರದ ಕೆಲಸ. ಸಗಣಿ ಮಣ್ಣಿನ ತೆಳು ಸಾರಣೆ ಎಳೆದು, ಅಂಚಿಗೆ ಹುರಮಂಜು ಬಳಿದು, ರಂಗೋಲಿಯ ಎರಡು ಗೆರೆ ಹಾಕಿ, ಕುಂಕುಮ ಇಟ್ಟು ಆಮೇಲೆ ಬೆಂಕಿ. ಇದು ಬರೀ ಶಾಸ್ತ್ರವಲ್ಲ. ಕೂದಲೆಳೆಯಂಥ ಬಿರುಕು ಆ ಸಾರಣೆಯಲ್ಲಿ ಮುಚ್ಚಿಹೋಗುತ್ತದೆ. ಬಿಟ್ಟರೆ ಅದೇ ಬಿರುಕು ತಿಂಗಳಲ್ಲಿ ಬೆರಳು ತೂರುವಷ್ಟಾಗಿ ಕಾವೂ ಹೊಗೆಯೂ ಅಲ್ಲಿಂದ ಸೋರುತ್ತವೆ. ದೊಡ್ಡ ಬಿರುಕನ್ನು ಕೆರೆದು, ತೋಯಿಸಿ, ಹೊಟ್ಟಿನ ಮಣ್ಣು ಒತ್ತಿ ತುಂಬಬೇಕು. ಒಣ ಗೋಡೆಗೆ ಹಸಿ ಮಣ್ಣು ಅಂಟುವುದಿಲ್ಲ. ಪಾತ್ರೆಯ ತಳಕ್ಕೆ ಮೊದಲೇ ಮಣ್ಣು ಬೂದಿ ಕಲಸಿ ಬಳಿದಿಟ್ಟರೆ ಮಸಿ ನೀರಿಗೇ ಬಿಡುತ್ತದೆ.

ಮಾಳಿಗೆ ಮನೆಗಳಲ್ಲಿ ಒಲೆಯ ನೇರಕ್ಕೆ ಬೆಳಕಿಂಡಿ ಇರುತ್ತದೆ. ಹೊಗೆಗೂ ಅದೇ ದಾರಿ. ಮಳೆಗಾಲದಲ್ಲಿ ಅದನ್ನು ಮುಚ್ಚಿದಾಗಲೇ ಅಡುಗೆ ಮನೆ ಉಸಿರುಗಟ್ಟುವುದು. ಜಂತೆಗೆ ಜೋತುಬಿದ್ದ ಇಲ್ಲಣ ಎಣ್ಣೆ ಜಿಡ್ಡಿನೊಂದಿಗೆ ಸೇರಿ ಬೆಂಕಿ ಹಿಡಿಯಬಲ್ಲದು. ಹಬ್ಬದ ಹಿಂದಿನ ದಿನದ ಗುಡಿಸುವಿಕೆಯಲ್ಲಿ ಅದನ್ನು ಬಿಡಬಾರದು. ಹೊಗೆ ಕೊಳವೆ ಇರುವ ಒಲೆಯಲ್ಲಿ ತಿಂಗಳಿಗೊಮ್ಮೆ ಉದ್ದ ಬಿದಿರಿಗೆ ಚಿಂದಿ ಕಟ್ಟಿ ಮೇಲಿನಿಂದ ಉಜ್ಜಬೇಕು. ಹಸಿ ಕಟ್ಟಿಗೆ ಉರಿಸಿದ ಮನೆಯ ಕೊಳವೆಯಲ್ಲಿ ಮಸಿ ಟಾರಿನಂತೆ ಅಂಟಿರುತ್ತದೆ.

ಬಂಬ ಮತ್ತು ಶೇಗಡಿ

ಸ್ನಾನದ ನೀರಿಗೆ ಹಂಡೆಯೊಲೆಯ ಜೊತೆಗೆ ಕೊಲ್ಹಾಪುರ ಸೀಮೆಯಿಂದ ಬಂದ ತಾಮ್ರದ ‘ಬಂಬ’ ಉಂಟು. ನಡುವೆ ಕೊಳವೆ, ಅದರ ತಳದಲ್ಲಿ ಜಾಳಿಗೆ, ಸುತ್ತ ನೀರು. ಮೇಲಿನಿಂದ ಬೆಂಡು, ತೆಂಗಿನ ಚಿಪ್ಪು, ಸಣ್ಣ ತುಂಡು ಹಾಕಿದರೆ ಉರಿಯ ಸುತ್ತಲೂ ನೀರೇ ಇರುವುದರಿಂದ ಕಾವು ಬೇರೆಡೆಗೆ ಹೋಗದು. ಕಟ್ಟಿಗೆ ಮಿತವಾಗಿ ಬಳಸುವ ಸಾಧನಗಳಲ್ಲಿ ಇದಕ್ಕೆ ಮೇಲಿನ ಸ್ಥಾನ ಕೊಡಬೇಕು. ನೀರಿಲ್ಲದೆ ಬೆಂಕಿ ಹಾಕಿದರೆ ಬೆಸುಗೆ ಬಿಡುತ್ತದೆ, ಇದೊಂದನ್ನು ಮರೆಯಬಾರದು.

ಇದ್ದಿಲಿನ ಶೇಗಡಿಯ ಬಗ್ಗೆ ಮಾತ್ರ ಎಚ್ಚರಿಕೆ ಹೇಳದೆ ವಿಧಿಯಿಲ್ಲ. ಬಾಣಂತಿಯ ಹೊರಸಿನ ಕೆಳಗೆ ಕೆಂಡವಿಟ್ಟು, ಅಜವಾನ ಲೋಬಾನದ ಹೊಗೆ ಕೊಟ್ಟು, ಗಾಳಿ ತಾಗಬಾರದೆಂದು ಬಾಗಿಲು ಕಿಟಕಿ ಮುಚ್ಚುವ ಪದ್ಧತಿ ಇನ್ನೂ ಇದೆ. ಕೆಂಡಕ್ಕೆ ಹೊಗೆಯಿಲ್ಲ, ಆದರೆ ಅದು ಬಿಡುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತ ಆಮ್ಲಜನಕ ಹೊರುವುದನ್ನು ಅದು ತಡೆಯುತ್ತದೆ. ಮೊದಲು ತಲೆನೋವು, ಓಕರಿಕೆ, ಆಮೇಲೆ ನಿದ್ದೆಯಂಥ ಮಂಪರು, ಆ ನಿದ್ದೆಯಲ್ಲೇ ಸಾವು. ತಾಯಿಗೂ ಕೂಸಿಗೂ ಬೆಚ್ಚಗಿರಬೇಕು, ನಿಜ. ಬಾಗಿಲು ತೆರೆದಿರುವಾಗ ಕಾಯಿಸಿ, ಮಲಗುವ ಮುನ್ನ ಶೇಗಡಿಯನ್ನು ಅಂಗಳಕ್ಕೆ ಸಾಗಿಸಲೇಬೇಕು.

ಹೊಗೆ ಮತ್ತು ಸುಧಾರಿತ ಒಲೆ

ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮಕ್ಕಳಿಗೆ ನ್ಯುಮೋನಿಯಾ, ದೊಡ್ಡವರಿಗೆ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ, ಕಣ್ಣಿಗೆ ಪೊರೆ. ‘ಹೊಗಿ ಕುಡದು ಕುಡದು ಕಣ್ಣು ಹೋದೂವು’ ಎಂದು ಅಜ್ಜಿಯರು ಹೇಳುವುದು ಬರೀ ಮಾತಲ್ಲ.

ಹೊಗೆಯಿಲ್ಲದ ಒಲೆಯ ಪ್ರಯತ್ನ ಹಳೆಯದು. ವಾರ್ಧಾದ ಮಗನವಾಡಿಯಿಂದ 1947ರಲ್ಲಿ ಮಗನ್ ಒಲೆ ಬಂತು. 1950ರ ದಶಕದಲ್ಲಿ ಹೈದರಾಬಾದಿನ ಎಂಜಿನಿಯರ್ ಎಸ್.ಪಿ. ರಾಜು ಹೊಗೆ ಕೊಳವೆಯ ಮಣ್ಣಿನ ಒಲೆಯನ್ನು ಪ್ರಚಾರ ಮಾಡಿದರು. ಕರ್ನಾಟಕದ ಪಾಲು ದೊಡ್ಡದು. ವಿಜ್ಞಾನಿ ಅಮೂಲ್ಯ ಕೆ.ಎನ್. ರೆಡ್ಡಿಯವರು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಕೇಂದ್ರವನ್ನು ಆರಂಭಿಸಿದರು. ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಆ ತಂಡ ನಡೆಸಿದ ಸಮೀಕ್ಷೆಯಲ್ಲಿ ಹಳ್ಳಿ ಬಳಸುವ ಶಕ್ತಿಯ ಬಹುಭಾಗ ಸೌದೆಯದೇ ಎಂಬುದು ಲೆಕ್ಕದಲ್ಲಿ ಕಂಡಿತು. ಅದರ ಫಲ ಅಸ್ತ್ರ ಒಲೆ: ಮುಚ್ಚಿದ ಉರಿಗೂಡು, ಕೆಳಗೆ ಜಾಳಿಗೆ, ಸಾಲಾಗಿ ಮೂರು ಪಾತ್ರೆ, ಕೊನೆಗೆ ಹೊಗೆ ಕೊಳವೆ. ಮೂರು ಕಲ್ಲಿನ ಒಲೆಯಲ್ಲಿ ಕಟ್ಟಿಗೆಯ ಶಾಖದ ಹತ್ತನೇ ಒಂದು ಭಾಗದ ಆಸುಪಾಸು ಪಾತ್ರೆಗೆ ತಲುಪಿದರೆ ಇದರಲ್ಲಿ ಅದರ ಹಲವು ಪಟ್ಟು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇದನ್ನು ಹಳ್ಳಿಗಳಿಗೆ ಒಯ್ಯಿತು. ಕೇಂದ್ರದ ಸುಧಾರಿತ ಒಲೆ ಕಾರ್ಯಕ್ರಮ 1980ರ ದಶಕದ ನಡುವಿನಿಂದ 2002ರವರೆಗೆ ನಡೆಯಿತು.

ಅನ್ನ ಸಾರಿನ ಅಡುಗೆಗೆ ಮೂರು ಪಾತ್ರೆಯ ಸಾಲು ಒಪ್ಪುತ್ತದೆ. ಉತ್ತರ ಕರ್ನಾಟಕದಲ್ಲಿ ರೊಟ್ಟಿ ನಿಲ್ಲಿಸಲು ಅಗಲ ಬಾಯಿ ಬೇಕು, ಕೆಂಡ ಮುಂದಕ್ಕೆ ಬರಬೇಕು. ಬಾಯಿ ಕಿರಿದಾದ ಒಲೆಯನ್ನು ಇಲ್ಲಿಯ ಹೆಂಗಸು ಒಡೆದು ಅಗಲ ಮಾಡಿದರೆ ತಪ್ಪು ಅವಳದಲ್ಲ. ಒಲೆ ರೂಪಿಸುವವರು ರೊಟ್ಟಿ ತಟ್ಟುವವಳ ಪಕ್ಕ ಒಂದು ಬೆಳಗು ಕೂರಬೇಕು. ಕೊಳವೆ ಇರಲಿ, ಜಾಳಿಗೆ ಇರಲಿ, ಜೊತೆಗೆ ಬಾಯಿಯ ಮುಂದೆ ಕೆಂಡದ ಕಟ್ಟೆಯೂ ಇರಲಿ.

2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯ ನಂತರ ಸಿಲಿಂಡರ್ ಬಡ ಮನೆಗಳಿಗೂ ಬಂದಿದೆ. ಚಹಾ, ಪಲ್ಯ, ಮಕ್ಕಳ ಹಾಲು ಗ್ಯಾಸಿನ ಮೇಲೆ, ರೊಟ್ಟಿ ಮತ್ತು ನೀರು ಕಟ್ಟಿಗೆಯ ಮೇಲೆ ಎಂಬ ಹಂಚಿಕೆ ಅನೇಕ ಮನೆಗಳಲ್ಲಿ ನೆಲೆಯಾಗಿದೆ. ಒಲೆಯನ್ನು ಹಿತ್ತಿಲ ತಗಡಿನ ಚಪ್ಪರಕ್ಕೆ ಸಾಗಿಸಿದ ಮನೆಗಳು ಹೊಗೆಯ ಬಾಧೆಯನ್ನು ಅರ್ಧ ಗೆದ್ದಿವೆ.

ಮನೆಯಾಚೆ

ಕಬ್ಬಿನ ಹಂಗಾಮಿನಲ್ಲಿ ಬೀಡ, ವಿಜಯಪುರದ ಕಡೆಯಿಂದ ಕಟಾವಿಗೆ ಬರುವ ಟೋಳಿಗಳು ಹೊಲದ ಬದಿಯಲ್ಲಿ ಗುಡಿಸಲು ಹಾಕುತ್ತವೆ. ನಸುಕಿನಲ್ಲಿ ಸಾಲು ಸಾಲು ಮೂರು ಕಲ್ಲಿನ ಒಲೆಗಳು ಹೊತ್ತಿಕೊಳ್ಳುತ್ತವೆ. ಉರಿಯುವುದೂ ರವದಿ, ಗುಡಿಸಲೂ ರವದಿಯದೇ. ಗಾಳಿ ತಿರುಗಿದರೆ ಒಂದು ಕಿಡಿ ಸಾಕು. ಒಲೆಗೂ ಗುಡಿಸಲಿಗೂ ಹತ್ತು ಮಾರು ಅಂತರ, ಪಕ್ಕದಲ್ಲಿ ಒಂದು ಕೊಡ ನೀರು ಇಡುವುದನ್ನು ಹೊಲದ ಯಜಮಾನನೂ ನೋಡಿಕೊಳ್ಳಬೇಕು. ಮೈ ಸುಟ್ಟರೆ ಬೂದಿ, ಅರಿಸಿನ ಮೆತ್ತದೆ, ಇಪ್ಪತ್ತು ನಿಮಿಷ ತಣ್ಣೀರು ಸುರಿದು ದವಾಖಾನೆಗೆ ಒಯ್ಯಬೇಕು.

ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಭಾರತ ಹುಣ್ಣಿಮೆಯ ಮಾಯಕ್ಕದೇವಿ ಜಾತ್ರೆಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯಗಳಿಂದ ಚಕ್ಕಡಿ ಕಟ್ಟಿಕೊಂಡು ಬಂದವರು ಬಯಲಲ್ಲೇ ಕಲ್ಲು ಹೂಡಿ ಹೋಳಿಗೆಯ ನೈವೇದ್ಯ ಮಾಡುತ್ತಾರೆ. ಜಾತ್ರೆ ಮುಗಿದ ಮರುದಿನ ಆ ಬಯಲಿನಲ್ಲಿ ಉಳಿಯುವುದು ಮಸಿಯಾದ ಮೂರು ಮೂರು ಕಲ್ಲುಗಳು.

ಹೊಳೆ ಬಂದಾಗ

2005ರಲ್ಲೂ 2019ರ ಆಗಸ್ಟಿನಲ್ಲೂ ಕೃಷ್ಣಾ ಮತ್ತು ಅದರ ಉಪನದಿಗಳು ಉಕ್ಕಿ ಈ ತಾಲ್ಲೂಕುಗಳ ನದಿದಂಡೆಯ ಊರುಗಳನ್ನು ಮುಳುಗಿಸಿದವು. ಸುಡದ ಮಣ್ಣಿನ ಒಲೆ ನಿಂತ ನೀರಿನಲ್ಲಿ ಕರಗುತ್ತದೆ. ಕಟ್ಟಿಗೆ ತೇಲಿಹೋಗುತ್ತದೆ, ಕುಳ್ಳಿನ ಬಣವೆ ಮತ್ತೆ ಸಗಣಿಯಾಗುತ್ತದೆ. ನೀರು ಇಳಿದ ಮೇಲೆ ರಾಡಿ ಹೊರಹಾಕಿದ ಅಡುಗೆ ಮನೆಯಲ್ಲಿ ಒಲೆಯ ಜಾಗ ಗುರುತಿಸುವುದು ನೆಲದ ಕರಿ ಕಲೆಯಿಂದ. ನೆಲ ಪೂರ್ತಿ ಆರುವ ಮೊದಲೇ ಅದರ ಮೇಲೆ ಹೊಸ ಒಲೆ ಕಟ್ಟಿದರೆ ತೇವ ಮೇಲೇರಿ ಬುಡ ಕುಸಿಯುತ್ತದೆ. ಆದ್ದರಿಂದ ಎರಡು ಸಾಲು ಇಟ್ಟಿಗೆಯ ಪೀಠ ಮಾಡಿ ಅದರ ಮೇಲೆ ಕಟ್ಟುವುದು ಒಳ್ಳೆಯದು. ಅಲ್ಲಿಯವರೆಗೆ ಹೊಳೆ ತಂದ ಗುಂಡುಕಲ್ಲುಗಳಲ್ಲೇ ಮೂರನ್ನು ಆರಿಸಿ, ತೊಳೆದು, ಅಂಗಳದಲ್ಲಿ ಹೂಡಿ ಅನ್ನಕ್ಕಿಡುತ್ತಾರೆ. ನೆನೆದ ಹೊಳೆಗಲ್ಲು ಕಾದಾಗ ಸಿಡಿಯಬಹುದು. ಮಕ್ಕಳನ್ನು ದೂರ ಕೂರಿಸಿ, ಮೊದಲು ಬರೀ ಕಲ್ಲುಗಳ ನಡುವೆ ಸಣ್ಣ ಉರಿ ಮಾಡಿ ಒಣಗಿಸಿಕೊಂಡು, ಆಮೇಲೆ ಪಾತ್ರೆ ಇಡಬೇಕು.